ಗುಡುಗಿದ ದಿನ ಏಳದ ಕಂಪ್ಯೂಟರ್

ಎನ್.ಆರ್.ಪುರದ ಬಸ್ ನಿಲ್ದಾಣದಿಂದ ಪೇಟೆಯ ಕಡೆಗೆ ನಡೆದರೆ ಎಡಗಡೆ ಒಂದೇ ಮಾಡಿನ ಕೆಳಗೆ ಎರಡು ಅಂಗಡಿಗಳು ಸಿಗುತ್ತವೆ. ಒಂದರಲ್ಲಿ ಪೈಪು, ಹಗ್ಗ, ಔಷಧಿ ಹೊಡೆಯುವ ಪಂಪಿನ ಬಿಡಿಭಾಗ ಮಾರುವ ವೃಷಭೇಂದ್ರಪ್ಪ ಕೂತಿರುತ್ತಾರೆ. ಇನ್ನೊಂದರಲ್ಲಿ ಜೆರಾಕ್ಸ್, ಪ್ರಿಂಟ್, ಲ್ಯಾಮಿನೇಶನ್ ಮಾಡುವ ಅವರ ಹೆಂಡತಿ ಪ್ರೇಮಕ್ಕ. ನಡುವಿನ ಗೋಡೆಯಲ್ಲಿ ಕಿಟಕಿಯಷ್ಟು ಜಾಗ ಬಿಟ್ಟಿದ್ದಾರೆ. ಚಿಲ್ಲರೆ, ಕಾಫಿ ಲೋಟ, ಮಾತು, ಜಗಳ ಎಲ್ಲವೂ ಅದರಲ್ಲೇ ಹಾದುಹೋಗುತ್ತವೆ.

ಊರಿನವರಿಗೆ ಪ್ರೇಮಕ್ಕ ಅಂದರೆ ಪ್ರಶ್ನೆ ಕೇಳುವ ಹೆಂಗಸು. ಯಾರಾದರೂ ಬಂದು "ಪ್ರೇಮಕ್ಕ, ಫೋನ್ ಕೆಟ್ಟೋಗಿದೆ" ಅಂದರೆ ಫೋನ್ ಕೈಗೆ ತೆಗೆದುಕೊಳ್ಳುವ ಮೊದಲು ಅವರು ಮೂರು ಪ್ರಶ್ನೆ ಕೇಳುತ್ತಾರೆ. ಏನು ಮಾಡಿದ್ರಿ? ಏನಾಗ್ಬೇಕಿತ್ತು? ಏನಾಯ್ತು? ಇವಕ್ಕೆ ಸರಿಯಾಗಿ ಉತ್ತರ ಕೊಟ್ಟರೆ ರಿಪೇರಿ ಅರ್ಧ ಮುಗಿದ ಹಾಗೆ ಅನ್ನುವುದು ಅವರ ನಂಬಿಕೆ. ಒಮ್ಮೆ ವೃಷಭೇಂದ್ರಪ್ಪ ಹೊಟ್ಟೆನೋವು ಅಂತ ಮಲಗಿದಾಗಲೂ ಅವೇ ಪ್ರಶ್ನೆಗಳು ಬಂದವು.

"ಏನು ಮಾಡಿದ್ರಿ?"

"ಹಲಸಿನ ಹಣ್ಣು ತಿಂದೆ."

"ಏನಾಗ್ಬೇಕಿತ್ತು?"

"ಹೊಟ್ಟೆ ತುಂಬ್ಬೇಕಿತ್ತು ಮಾರಾಯ್ತಿ, ನೋವು ಬಂತು. ಇನ್ನು ಇದನ್ನ ಇಂಗ್ಲಿಷಲ್ಲಿ ಬರ್ದು ಯಾವ ದೇಶಕ್ಕೆ ಕಳಿಸ್ತೀಯ?"

ಈ ಕುಹಕಕ್ಕೆ ಕಾರಣವಿತ್ತು. ಎಂಟು ಹತ್ತು ವರ್ಷದ ಹಿಂದೆ ಪ್ರೇಮಕ್ಕನ ಅಂಗಡಿಯ ಕಂಪ್ಯೂಟರ್ ಆಗಾಗ ಕೈಕೊಡುತ್ತಿತ್ತು. ಜೆರಾಕ್ಸ್ ಅಂಗಡಿ ಅಂದಮೇಲೆ ಊರಿನ ಪೆನ್‌ಡ್ರೈವ್‌ಗಳೆಲ್ಲ ಅಲ್ಲಿಗೇ ಬರಬೇಕು, ಅವುಗಳ ಬೆನ್ನಿಗೆ ವೈರಸ್‌ಗಳೂ ಬರುತ್ತಿದ್ದವು. ಕೊಪ್ಪದಿಂದ ಬಂದ ಅಕ್ಕನ ಮಗ ಉಜ್ವಲ್ ಒಂದು ದಿನ ಅದರಲ್ಲಿದ್ದದ್ದನ್ನೆಲ್ಲ ತೆಗೆದು, ಕಂಪ್ಯೂಟರ್ ನಡೆಸಲು ದುಡ್ಡಿಲ್ಲದೆ ಸಿಗುವ ಲಿನಕ್ಸ್ ಅನ್ನುವ ಪ್ರೋಗ್ರಾಮ್ ಹಾಕಿಕೊಟ್ಟ. "ಚಿಕ್ಕಮ್ಮ, ಇದನ್ನ ಮಾಡಿದವ್ರು ಜಗತ್ತಿನಲ್ಲಿ ಎಲ್ಲೆಲ್ಲೋ ಇದಾರೆ. ಏನಾದ್ರೂ ಕೆಟ್ರೆ ಬೈಕೊಂಡು ಕೂರ್ಬೇಡಿ, ಅವ್ರಿಗೇ ಬರೀರಿ" ಅಂದ. ಬೇರೆ ಯಾರಾದರೂ ಆಗಿದ್ದರೆ ಆ ಮಾತನ್ನು ಅಲ್ಲೇ ಬಿಡುತ್ತಿದ್ದರು. ಪ್ರೇಮಕ್ಕ ಬರೆದರು.

ಮೊದಲು ಬರೆದದ್ದು ಪ್ರಿಂಟಿನ ಬಗ್ಗೆ. ಹಾಳೆಯ ಎಡಗಡೆ ಅಂಚು ಒಂದು ಕೂದಲೆಳೆಯಷ್ಟು ಕತ್ತರಿಸಿ ಬರುತ್ತಿತ್ತು. ಪಿಯುಸಿಯಲ್ಲಿ ಕಲಿತ ಇಂಗ್ಲಿಷನ್ನು ಒರೆಸಿ ಹೊರಗೆ ತೆಗೆದು, ಸ್ಕೇಲ್ ಇಟ್ಟು ಅಳೆದ ಹಾಳೆಯ ಫೋಟೋ ಸೇರಿಸಿ ಕಳಿಸಿದರು. ತಿಂಗಳೊಪ್ಪತ್ತಿನಲ್ಲಿ ಉತ್ತರ ಬಂತು: ತಪ್ಪು ಸಿಕ್ಕಿದೆ, ಸರಿ ಮಾಡಿದ್ದೇವೆ, ಧನ್ಯವಾದ. ಮುಂದಿನ ಅಪ್‌ಡೇಟಿನಲ್ಲಿ ಅಂಚು ಸರಿಯಾಗಿ ಬಂತು. ಮುಖ ನೋಡದ ಯಾರೋ ಒಬ್ಬರು ಎನ್.ಆರ್.ಪುರದ ಒಂದು ಹಾಳೆಯ ಅಂಚಿಗಾಗಿ ತಲೆ ಕೆಡಿಸಿಕೊಂಡಿದ್ದರು! ಪ್ರೇಮಕ್ಕ ಆ ಹಾಳೆಯನ್ನು ಕಿಟಕಿಯಲ್ಲಿ ತೂರಿಸಿ ಗಂಡನಿಗೆ ತೋರಿಸಿದರು. "ಮೊದಲೂ ಹಿಂಗೇ ಇತ್ತಲ್ಲ" ಅಂದರು ಅವರು.

ಹೀಗೆ ಲಿನಕ್ಸಿನ ಗುಂಗು ಹಿಡಿದ ಪ್ರೇಮಕ್ಕನನ್ನು ಸೀತೂರಿನ ಕಡೆಯ ಒಂದು ಸಣ್ಣ ವಾಚನಾಲಯದವರು ಹುಡುಕಿಕೊಂಡು ಬಂದರು. ಅದನ್ನು ನೋಡಿಕೊಳ್ಳುವವರು ನಿವೃತ್ತ ಶಿಕ್ಷಕ ಶಿವಶಂಕರಪ್ಪ. ಕೊಪ್ಪದಲ್ಲಿ ಯಾವುದೋ ಕಚೇರಿ ಮುಚ್ಚುವಾಗ ಕೊಟ್ಟ ಐದು ಹಳೆಯ ಲ್ಯಾಪ್‌ಟಾಪ್‌ಗಳು ಅಲ್ಲಿ ಧೂಳು ತಿನ್ನುತ್ತಿದ್ದವು. ಕೀಲಿಗಳು ಕಿತ್ತುಬಂದಿದ್ದವು, ಪರದೆಗಳು ಮಂಕಾಗಿದ್ದವು, ಆದರೆ ಬ್ಯಾಟರಿಯಲ್ಲಿ ಜೀವ ಇತ್ತು. ಪ್ರೇಮಕ್ಕ ಐದಕ್ಕೂ ಲಿನಕ್ಸ್ ಹಾಕಿ, ಮುಚ್ಚಳ ಮುಚ್ಚಿ ಹಲಗೆಯ ಮೇಲೆ ಮಲಗಿಸಿ, ಒಂದೊಂದಕ್ಕೂ ಹೊರಗಿನಿಂದ ಒಂದು ಮಾನಿಟರ್, ಒಂದು ಕೀಬೋರ್ಡ್ ಜೋಡಿಸಿದರು. ಅವರ ಅಂಗಡಿಯಲ್ಲೂ ಇದೇ ವ್ಯವಸ್ಥೆ. ಕರೆಂಟ್ ಹೋದರೂ ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ನಿದ್ದೆ ಮಾಡುತ್ತಾ ಇರುತ್ತದೆ, ಬಂದಮೇಲೆ ಎಬ್ಬಿಸಿದರೆ ಕೆಲಸ ಬಿಟ್ಟಲ್ಲಿಂದಲೇ ಮುಂದುವರಿಯುತ್ತದೆ.

ಆಮೇಲೆ ಶನಿವಾರದ ಕ್ಲಾಸು ಶುರುವಾಯಿತು. ಸುತ್ತಲಿನ ಹೆಂಗಸರು ಮಧ್ಯಾಹ್ನದ ಕೆಲಸ ಮುಗಿಸಿ ಬರುತ್ತಿದ್ದರು. ಗದ್ದೆ ಕೆಲಸದಲ್ಲಿ ಒರಟಾದ ಬೆರಳಿನಲ್ಲಿ ಮೌಸ್ ಹಿಡಿದ ರಾಧಮ್ಮ, ಕಳೆದ ವರ್ಷ ಮದುವೆಯಾಗಿ ಬಂದ ಅವರ ಸೊಸೆ ಸಿರಿ, ಇನ್ನೂ ಆರೇಳು ಜನ. ಅವರು ಪ್ರೇಮಕ್ಕನನ್ನು ಟೀಚರ್ ಅಂತ ಕರೆದರು. ಪಿಯುಸಿ ಮುಗಿಯುವಾಗ ಪ್ರೇಮಕ್ಕನಿಗೆ ಟೀಚರ್ ಆಗುವ ಆಸೆ ಇತ್ತು, ಅಷ್ಟರಲ್ಲಿ ಮದುವೆ ಗೊತ್ತಾಯಿತು. ಅದರ ಬಗ್ಗೆ ಅವರು ಕೊರಗಿದವರಲ್ಲ. ಆದರೆ ಆ ಹೆಸರು ಕಿವಿಗೆ ಬಿದ್ದ ಮೊದಲ ಶನಿವಾರ ಬಸ್ಸಿನಲ್ಲಿ ವಾಪಸು ಬರುವಾಗ ಇಳಿಯುವ ನಿಲ್ದಾಣ ದಾಟಿ ಮುಂದೆ ಹೋಗಿಬಿಟ್ಟರು.

ಏಪ್ರಿಲ್‌ನಲ್ಲಿ ಲಿನಕ್ಸಿನ ಹೊಸ ಆವೃತ್ತಿ ಬಂತು. ಪ್ರೇಮಕ್ಕ ಅಂಗಡಿಯ ಕಂಪ್ಯೂಟರಿಗೂ ವಾಚನಾಲಯದ ಐದಕ್ಕೂ ಅದನ್ನು ಹಾಕಿದರು. ತೊಂದರೆ ಶುರುವಾದದ್ದು ಅಲ್ಲಿಂದ. ನಿದ್ದೆಗೆ ಕಳಿಸಿದ ಕಂಪ್ಯೂಟರ್ ಕೆಲವು ದಿನ ಏಳುತ್ತಲೇ ಇರಲಿಲ್ಲ. ಒಳಗೆ ಫ್ಯಾನ್ ಓಡುವ ಸದ್ದು ಕೇಳುತ್ತದೆ, ಪರದೆ ಮಾತ್ರ ಕಪ್ಪು. ಗುಂಡಿ ಒತ್ತಿ ಹಿಡಿದು ಆರಿಸಿ, ಮೊದಲಿನಿಂದ ಶುರು ಮಾಡಬೇಕು. ಉಳಿಸದ ಕೆಲಸ ಹೋಯಿತು ಅಂತಲೇ ಲೆಕ್ಕ. ರಾಧಮ್ಮ ಎರಡು ಶನಿವಾರ ಕೂತು ಟೈಪ್ ಮಾಡಿದ ಸ್ತ್ರೀಶಕ್ತಿ ಗುಂಪಿನ ವರದಿ ಹಾಗೆಯೇ ಹೋಯಿತು.

ಮೇ ತಿಂಗಳ ಒಂದು ಬೆಳಿಗ್ಗೆ ಶಿವಶಂಕರಪ್ಪ ಅಂಗಡಿಗೆ ಬಂದು, ಕೊಟ್ಟ ಕುರ್ಚಿಯ ತುದಿಯಲ್ಲಿ ಕೂತರು.

"ಪ್ರೇಮಕ್ಕ, ನಂಗೆ ನಿಮ್ಮ ಮೇಲೆ ಒಂಚೂರೂ ಬೇಜಾರಿಲ್ಲ. ಆದ್ರೆ ಸಮಿತಿಯಲ್ಲಿ ಮಾತಾಗಿದೆ. ರೇಣುಕಪ್ಪನವ್ರು ಹೇಳೋದು, ಬಿಟ್ಟಿ ಸಿಕ್ಕಿದ್ದಕ್ಕೆ ಬಿಟ್ಟಿ ಸಾಮಾನು ಹಾಕಿದ್ರೆ ಹಿಂಗೇ ಆಗೋದು, ಗುಜರಿಗೆ ಕೊಟ್ಟು ಜಾಗ ಖಾಲಿ ಮಾಡಿ, ಕುರ್ಚಿ ಹಾಕಣ ಅಂತ. ಮುಂದಿನ ತಿಂಗಳ ಸಭೆಯಲ್ಲಿ ತೀರ್ಮಾನ ಆಗುತ್ತೆ."

"ಮತ್ತೆ ಶನಿವಾರದ ಕ್ಲಾಸು, ಮೇಷ್ಟ್ರೆ?"

ಮೇಷ್ಟರು ಲೋಟದ ಕಾಫಿ ನೋಡಿದರು. "ಕಂಪ್ಯೂಟರೇ ಇಲ್ದಿದ್ರೆ ಎಂಥ ಕ್ಲಾಸು?"

ಅವರು ಹೋದಮೇಲೆ ಕಿಟಕಿಯಿಂದ ವೃಷಭೇಂದ್ರಪ್ಪ ಒಂದು ಬಾಳೆಹಣ್ಣು ಈಚೆಗೆ ಇಟ್ಟರು. ಅವರು ಸಮಾಧಾನ ಹೇಳುವ ರೀತಿ ಅದು.

ಈ ತೊಂದರೆಯ ರಿಪೋರ್ಟನ್ನು ಪ್ರೇಮಕ್ಕ ಲಿನಕ್ಸಿನವರಿಗೆ ಆಗಲೇ ಬರೆದಿದ್ದರು. ಮಾಡಿದ್ದು: ಕಂಪ್ಯೂಟರನ್ನು ನಿದ್ದೆಗೆ ಕಳಿಸಿದೆ, ಸ್ವಲ್ಪ ಹೊತ್ತು ಬಿಟ್ಟು ಎಬ್ಬಿಸಿದೆ. ಆಗಬೇಕಿದ್ದದ್ದು: ಪರದೆ ಬರಬೇಕಿತ್ತು. ಆದದ್ದು: ಬರಲಿಲ್ಲ. ಆ ಭಾಗವನ್ನು ನೋಡಿಕೊಳ್ಳುವ ಟೋಮಾಸ್ ಎನ್ನುವವನು ಯುರೋಪಿನ ಯಾವುದೋ ಊರಿನಿಂದ ಉತ್ತರ ಬರೆದಿದ್ದ. ನಾನು ಮಲಗಿಸಿ ಎಬ್ಬಿಸಿ ನೋಡಿದೆ, ಪ್ರತಿ ಸಲವೂ ಎದ್ದಿತು. ನನ್ನ ಕಣ್ಣೆದುರು ಕೆಡದೆ ಇದ್ದರೆ ನಾನು ಸರಿ ಮಾಡುವುದು ಹೇಗೆ? ಮಾತು ಸೌಜನ್ಯದ್ದೇ, ಆದರೆ ಬಾಗಿಲು ಮುಕ್ಕಾಲು ಮುಚ್ಚಿತ್ತು.

ಅವನದ್ದು ತಪ್ಪು ಅನ್ನುವ ಹಾಗೂ ಇರಲಿಲ್ಲ. ಬಿಸಿಲಿನ ದಿನ ಪ್ರೇಮಕ್ಕ ತಾವೇ ಮಲಗಿಸಿ ಎಬ್ಬಿಸಿದರೆ ಅದು ಚಂಗನೆ ಏಳುತ್ತಿತ್ತು. ಮಲಗಿಸಿ ಊಟ ಮಾಡಿ ಬಂದರು, ಎದ್ದಿತು. ಬಟ್ಟೆ ಒಗೆದು ಬಂದರು, ಎದ್ದಿತು. ಸೀತೂರಿಗೆ ಹೋಗಿ ಬಂದರು, ಆಗಲೂ ಎದ್ದಿತು. ಕೊನೆಗೆ ಕೆಟ್ಟ ದಿನಗಳನ್ನೆಲ್ಲ ನೆನಪು ಮಾಡಿಕೊಂಡಾಗ ಒಂದು ವಿಷಯ ಹೊಳೆಯಿತು. ಅವೆಲ್ಲ ಮಧ್ಯಾಹ್ನದ ಮೇಲೆ ಗುಡುಗಿದ ದಿನಗಳು.

ಇದನ್ನು ಕೇಳಿ ವೃಷಭೇಂದ್ರಪ್ಪನವರಿಗೆ ಖುಷಿಯೋ ಖುಷಿ. ಲಿನಕ್ಸಿನ ಗುರುತಿನ ಪೆಂಗ್ವಿನ್ ಅವರ ಬಾಯಲ್ಲಿ ಯಾವಾಗಲೂ ಬಾತುಕೋಳಿಯೇ.

"ನಿನ್ನ ಬಾತುಕೋಳಿಗೆ ಗುಡುಗು ಅಂದ್ರೆ ಹೆದರಿಕೆ ಕಣೇ. ಹೊದ್ಕೊಂಡು ಮಲ್ಗುತ್ತೆ, ಏಳಲ್ಲ ಅನ್ನುತ್ತೆ."

"ಹೌದು, ನಿಮ್ಮ ಹಾಗೆ."

"ನಾನು ಗುಡುಗಿಲ್ದೇನೂ ಏಳಲ್ಲ. ನಂಗೂ ಅದಕ್ಕೂ ವ್ಯತ್ಯಾಸ ಇದೆ."

ನಗು ಬಂದರೂ ಪ್ರೇಮಕ್ಕನ ತಲೆ ಬೇರೆ ಕಡೆ ಓಡುತ್ತಿತ್ತು. ವೋಲ್ಟೇಜ್ ಏರಿಳಿತವೇ? ಆಗಿರಲಾರದು, ಗುಡುಗುವಾಗ ಅದಕ್ಕೂ ಕರೆಂಟಿಗೂ ಸಂಬಂಧವೇ ಇರುವುದಿಲ್ಲವಲ್ಲ. ಗಾಳಿಯ ತೇವವೇ? ಆಗಿದ್ದರೆ ಪರೀಕ್ಷೆಗೊಂದು ದಾರಿ ಇದೆ. ಕುದಿಯುವ ನೀರಿನ ಪಾತ್ರೆಯೊಂದನ್ನು ಕಂಪ್ಯೂಟರಿನ ಹತ್ತಿರ ತಂದಿಟ್ಟು ಮಲಗಿಸಿ ಎಬ್ಬಿಸಿದರು. ಕಂಪ್ಯೂಟರ್ ಎದ್ದಿತು, ಪಕ್ಕದಲ್ಲಿದ್ದ ಜೆರಾಕ್ಸ್ ಹಾಳೆಗಳು ಮಾತ್ರ ಹಪ್ಪಳದ ಹಾಗೆ ಸುರುಟಿಕೊಂಡವು. ತೇವವೂ ಅಲ್ಲ.

ಆಮೇಲೆ ಅವರು ಕಂಪ್ಯೂಟರಿನ ಲಾಗ್ ತೆರೆದರು. ಒಳಗೆ ನಡೆದದ್ದನ್ನೆಲ್ಲ ಅದು ತನ್ನಷ್ಟಕ್ಕೆ ಸಾಲು ಸಾಲಾಗಿ ಬರೆದಿಟ್ಟುಕೊಳ್ಳುತ್ತದೆ. ಗುಡುಗಿದ ದಿನದ ಸಾಲುಗಳಲ್ಲಿ ವಿಚಿತ್ರವೊಂದು ಕಂಡಿತು. ನಿದ್ದೆಗೆ ಹೋದ ಸ್ವಲ್ಪ ಹೊತ್ತಿಗೇ ಕಂಪ್ಯೂಟರ್ ಎದ್ದಿತ್ತು! ಎದ್ದ ಕೂಡಲೇ ಪರದೆ ತೋರಿಸುವ ಪ್ರೋಗ್ರಾಮ್ ಬಿದ್ದುಹೋಗಿತ್ತು. ಅಂದರೆ ಸಂಜೆ ಪ್ರೇಮಕ್ಕ ಎಬ್ಬಿಸಲು ನೋಡಿದ್ದು ಮಲಗಿದ್ದ ಕಂಪ್ಯೂಟರನ್ನಲ್ಲ, ಆಗಲೇ ಎದ್ದು ಮೂರ್ಛೆ ಹೋಗಿದ್ದದ್ದನ್ನು.

"ರೀ, ನಾನು ಮಲಗ್ಸಿದ್ಮೇಲೆ ನೀವು ಬಂದು ಎಬ್ಬಿಸಿದ್ರಾ?"

"ನಾನಾ? ನಾನ್ಯಾಕೆ ನಿನ್ನ ಬಾತುಕೋಳಿ ಹತ್ರ ಹೋಗ್ಲಿ? ಕಚ್ಚುತ್ತೋ ಏನೋ."

"ಮತ್ತೆ ಯಾರೋ ಎಬ್ಬಿಸಿದಾರೆ."

"ಇಲಿ ಇರ್ಬೇಕು. ಬೋನು ಇದೆ ನಮ್ಮಲ್ಲಿ, ಕೊಡ್ಲಾ? ಹೆಂಡ್ತಿ ಅಂತ ಅಸಲಿಗೇ ಕೊಡ್ತೀನಿ."

ಇಲಿಯೋ ಮನುಷ್ಯರೋ, ಕಾದು ಹಿಡಿಯಬೇಕು ಅಂತ ಪ್ರೇಮಕ್ಕ ತೀರ್ಮಾನಿಸಿದರು. ಮುಂದಿನ ಗುಡುಗಿಗೆ ಬಹಳ ಕಾಯಬೇಕಾಗಲಿಲ್ಲ. ಆ ಗುರುವಾರ ಮಧ್ಯಾಹ್ನ ಭದ್ರಾ ಹಿನ್ನೀರಿನ ಕಡೆಯಿಂದ ಮೋಡ ಕವಿದು ಬಂತು. ದೂರದಲ್ಲಿ ಒಮ್ಮೆ ಗುಡುಗು ಉರುಳಿತು. ಪ್ರೇಮಕ್ಕ ಕಂಪ್ಯೂಟರನ್ನು ನಿದ್ದೆಗೆ ಕಳಿಸಿದರು. ಮುಚ್ಚಿದ ಲ್ಯಾಪ್‌ಟಾಪಿನ ಅಂಚಿನಲ್ಲಿ ಸಣ್ಣ ದೀಪವೊಂದು ಮಿಣುಕತೊಡಗಿತು. ಮಿಣುಕುತ್ತಿದ್ದರೆ ನಿದ್ದೆ, ನಿಂತು ಉರಿದರೆ ಎಚ್ಚರ. ಸ್ಟೂಲು ಎಳೆದುಕೊಂಡು ದೀಪದ ಮೇಲೆ ಕಣ್ಣು ನೆಟ್ಟು ಕೂತರು. ಈಗ ಬರಲಿ ಎಬ್ಬಿಸುವವರು.

ಇನ್ನೊಂದು ಗುಡುಗು, ಈ ಸಲ ಹತ್ತಿರದಲ್ಲೇ. ಪಕ್ಕದ ಅಂಗಡಿಯಲ್ಲಿ ವೃಷಭೇಂದ್ರಪ್ಪ ಎದ್ದು ಪ್ಲಗ್ ಕೀಳುವ ಸದ್ದು ಕೇಳಿತು. ಎದುರಿನ ಬೇಕರಿಯಲ್ಲಿ ಯಾರೋ "ಫ್ರಿಜ್ಜಿಂದು ತೆಗಿ, ಫ್ರಿಜ್ಜಿಂದು" ಅಂತ ಕೂಗಿದರು. ಪ್ರೇಮಕ್ಕ ದೀಪದಿಂದ ಕಣ್ಣು ತೆಗೆಯದೆ ಕೈ ಚಾಚಿ ಚಾರ್ಜರ್ ಕಿತ್ತರು. ಮಾನಿಟರಿನ ವೈರು ಕಿತ್ತರು. ಇಂಟರ್ನೆಟ್ಟಿನ ವೈರು ಕಿತ್ತರು. ಕೊನೆಗೆ ಕೀಬೋರ್ಡಿನದು ಕಿತ್ತರು.

ಮಿಣುಕುತ್ತಿದ್ದ ದೀಪ ನಿಂತು ಉರಿಯಿತು.

ಪ್ರೇಮಕ್ಕ ದೀಪ ನೋಡಿದರು. ಆಮೇಲೆ ತಮ್ಮ ಕೈಯಲ್ಲಿದ್ದ ಕೀಬೋರ್ಡಿನ ವೈರು ನೋಡಿದರು. ಕಂಪ್ಯೂಟರನ್ನು ಎಬ್ಬಿಸುತ್ತಿದ್ದವರು ಸಿಕ್ಕಿಬಿದ್ದಿದ್ದರು.

"ರೀ! ಇಲಿ ಸಿಕ್ತು!"

"ಎಷ್ಟು ದೊಡ್ಡದು?" ಕಿಟಕಿಯಲ್ಲಿ ವೃಷಭೇಂದ್ರಪ್ಪನವರ ಮುಖ ಮೂಡಿತು.

"ಐವತ್ತೆರಡು ವರ್ಷದ್ದು."

ಗುಡುಗಿದರೆ ವೈರು ಕೀಳುವುದು ಈ ಕಡೆ ಯಾರೂ ಯೋಚಿಸಿ ಮಾಡುವ ಕೆಲಸವಲ್ಲ. ಮೊದಲ ಗುಡುಗಿಗೇ ಮನೆಮನೆಯಲ್ಲಿ ಒಬ್ಬರು ಟೀವಿಯ ಕಡೆ, ಒಬ್ಬರು ಮಿಕ್ಸಿಯ ಕಡೆ ಓಡುತ್ತಾರೆ. ಒಂದು ವೈರು ಉಳಿದರೂ ಸಿಡಿಲಿಗೆ ದಾರಿ ಉಳಿಯಿತು ಅನ್ನುವುದು ಎಲ್ಲರಿಗೂ ಗೊತ್ತು, ಟೀವಿ ಸುಟ್ಟುಕೊಂಡವರು ಪ್ರತಿ ಬೀದಿಯಲ್ಲೂ ಇದ್ದಾರೆ. ಹಾಗಾಗಿ ಏನು ಮಾಡಿದೆ ಅಂತ ರಿಪೋರ್ಟಿನಲ್ಲಿ ಬರೆಯುವಾಗ ಪ್ರೇಮಕ್ಕನಿಗೆ ಅದು ನೆನಪಿಗೇ ಬಂದಿರಲಿಲ್ಲ. ಕೆಮ್ಮು ಬಂದರೆ ಬಾಯಿಗೆ ಕೈ ಅಡ್ಡ ಹಿಡಿಯುವುದನ್ನು ಯಾರಾದರೂ ಬರೆಯುತ್ತಾರೆಯೇ?

ಉಳಿದದ್ದನ್ನು ಬಿಡಿಸುವುದು ಕಷ್ಟವಾಗಲಿಲ್ಲ. ಮಾರನೆಯ ದಿನ ಒಳ್ಳೆಯ ಬಿಸಿಲಿದ್ದರೂ ಕಂಪ್ಯೂಟರನ್ನು ಮಲಗಿಸಿ ಎಲ್ಲ ವೈರು ಕಿತ್ತರು. ಕೆಟ್ಟಿತು. ಇನ್ನೊಮ್ಮೆ ಮಾಡಿದರು, ಕೆಟ್ಟಿತು. ಮುಚ್ಚಳ ತೆರೆದಿಟ್ಟು ಮಾಡಿದರು, ಕೆಡಲಿಲ್ಲ! ಆಗ ಚಿತ್ರ ಪೂರ್ತಿಯಾಯಿತು. ಕೀಬೋರ್ಡಿನ ವೈರು ಕಿತ್ತ ಕೂಡಲೇ ಕಂಪ್ಯೂಟರಿಗೆ ಎಚ್ಚರವಾಗುತ್ತದೆ. ಎದ್ದು ನೋಡಿದರೆ ಹೊರಗಿನ ಮಾನಿಟರ್ ಇಲ್ಲ, ತನ್ನದೇ ಪರದೆ ಮುಚ್ಚಳದ ಒಳಗೆ. ಮುಖ ತೋರಿಸಲು ಎಲ್ಲೂ ಜಾಗವಿಲ್ಲ. ಅಂಥ ಸ್ಥಿತಿ ಬರಬಹುದು ಅಂತ ಹೊಸ ಆವೃತ್ತಿ ಬರೆದವರು ಎಣಿಸಿರಲಿಲ್ಲ, ಪ್ರೋಗ್ರಾಮ್ ಕಂಗಾಲಾಗಿ ಬಿದ್ದುಬಿಡುತ್ತಿತ್ತು.

ಪ್ರೇಮಕ್ಕ ರಿಪೋರ್ಟನ್ನು ಹೊಸದಾಗಿ ಬರೆದರು. ಯಾವ ವೈರು ಮೊದಲು, ಯಾವುದು ಆಮೇಲೆ, ಮುಚ್ಚಳ ಹೇಗಿರಬೇಕು, ದೀಪ ಯಾವಾಗ ನಿಲ್ಲುತ್ತದೆ, ಎಲ್ಲ. ಕೊನೆಯಲ್ಲಿ ಒಂದು ಸಾಲು ಸೇರಿಸಿದರು: ಇದನ್ನು ಮೊದಲೇ ಹೇಳದ್ದಕ್ಕೆ ಕ್ಷಮಿಸಿ, ಗುಡುಗಿದರೆ ನಮ್ಮಲ್ಲಿ ಇದನ್ನು ಎಲ್ಲರೂ ಮಾಡುತ್ತಾರೆ, ನಿಮ್ಮಲ್ಲೂ ಮಾಡುತ್ತೀರಿ ಅಂದುಕೊಂಡಿದ್ದೆ.

ಉತ್ತರ ಮರುದಿನವೇ ಬಂತು. ಟೋಮಾಸ್ ತನ್ನ ಮೇಜಿನ ಮೇಲೆ ಎಲ್ಲ ವೈರು ಕಿತ್ತು ನೋಡಿದ್ದ, ಅವನದ್ದೂ ಬಿದ್ದಿತ್ತು. ಅದನ್ನು ಹೇಳುವಾಗ ಅವನಿಗೆ ಹಬ್ಬದ ಸಂಭ್ರಮ. ತಪ್ಪು ಇರುವ ಜಾಗ ಸಿಕ್ಕಿದೆ, ತಿದ್ದಿದ ಪ್ರೋಗ್ರಾಮ್ ಕಳಿಸುತ್ತೇನೆ, ಪರೀಕ್ಷೆ ಮಾಡಿ ಹೇಳುತ್ತೀರಾ? ಆದಷ್ಟು ಬೇರೆ ಬೇರೆ ಯಂತ್ರಗಳಲ್ಲಿ ಆದರೆ ಒಳ್ಳೆಯದು. ಕೊನೆಗೆ ಅವನದ್ದೊಂದು ಸಂಶಯ: ನಿಮ್ಮಲ್ಲಿ ಗುಡುಗಿದಾಗ ನಿಜವಾಗಿಯೂ ಊರಿಗೆ ಊರೇ ಎದ್ದು ವೈರು ಕೀಳುತ್ತದೆಯೇ?

ಬೇರೆ ಬೇರೆ ಯಂತ್ರ ಎಲ್ಲಿವೆ ಅಂತ ಪ್ರೇಮಕ್ಕನಿಗೆ ಗೊತ್ತಿತ್ತು. ಶಿವಶಂಕರಪ್ಪನವರಿಗೆ ಫೋನ್ ಮಾಡಿದರು.

"ಮೇಷ್ಟ್ರೆ, ಸಭೆಗೆ ಮುಂಚೆ ಒಂದು ಶನಿವಾರ ಕೊಡಿ. ರೇಣುಕಪ್ಪನವ್ರನ್ನೂ ಕರೀರಿ."

"ಅವ್ರು ಬಂದ್ರೆ ಬಾಯಿ ಮುಚ್ಕೊಂಡು ಕೂರೋರಲ್ಲ, ನೋಡಿ."

"ಕೂರೋದು ಬೇಡ. ಕೆಲಸ ಇದೆ ಅವ್ರಿಗೆ."

ಆ ಶನಿವಾರ ಪ್ರೇಮಕ್ಕ ಬೆಳಿಗ್ಗೆಯ ಬಸ್ಸಿಗೇ ಹೋಗಿ ಐದೂ ಲ್ಯಾಪ್‌ಟಾಪಿಗೆ ತಿದ್ದಿದ ಪ್ರೋಗ್ರಾಮ್ ಹಾಕಿದರು. ಮಧ್ಯಾಹ್ನ ಹೆಂಗಸರು ಬಂದರು. ಹಿಂದಿನಿಂದ ಶಲ್ಯ ಕೊಡವುತ್ತಾ ರೇಣುಕಪ್ಪನವರೂ ಬಂದರು, ದಪ್ಪ ಧ್ವನಿಯ, ಎತ್ತರದ ಆಳು.

"ಎಂಥ ಪ್ರೇಮಕ್ಕ, ಗುಜರಿಯವ್ನಿಗೆ ಬರಕ್ಕೆ ಹೇಳ್ಲಾ, ಬೇಡ್ವಾ?"

"ಹೇಳಿ, ಪಾಪ. ಬಂದು ಕಾಫಿ ಕುಡ್ಕೊಂಡು ಹೋಗ್ಲಿ. ಈಗ ನೀವು ಆ ಕೊನೇದ್ರ ಹತ್ರ ನಿಂತ್ಕೊಳ್ಳಿ."

ಪ್ರೇಮಕ್ಕ ನಡೆದದ್ದನ್ನು ಎಲ್ಲರಿಗೂ ಬಿಡಿಸಿ ಹೇಳಿದರು, ಕಂಪ್ಯೂಟರನ್ನು ಕೆಡಿಸುತ್ತಿದ್ದದ್ದು ತಮ್ಮದೇ ಕೈ ಅನ್ನುವುದನ್ನೂ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಟೀಚರ್, ಆ ದಿನ ನಾನೂ ಕಿತ್ತಿದ್ದೆ" ಅಂದರು ರಾಧಮ್ಮ. "ನನ್ನ ವರದಿ ನಾನೇ ಕಳ್ಕೊಂಡಿದ್ದು ಹಂಗಾದ್ರೆ! ಮನೆಯವ್ರಿಗೆ ಶಾಪ ಹಾಕಿದ್ದೆ, ಅವ್ರೇ ಬಂದು ಏನೋ ಮುಟ್ಟಿದಾರೆ ಅಂತ."

"ಶಾಪ ವಾಪಸ್ ತಗೊಳ್ಳಿ ಅತ್ತೆ" ಅಂದಳು ಸಿರಿ.

"ಇರ್ಲಿ ಬಿಡು, ಬೇರೆ ಯಾವ್ದಕ್ಕಾದ್ರೂ ಆಗುತ್ತೆ."

ನಗು ನಿಂತ ಮೇಲೆ ಎಲ್ಲರೂ ಪರದೆಯ ಮೇಲೆ ಒಂದೊಂದು ಸಾಲು ಟೈಪ್ ಮಾಡಿದರು. ಬೇಕೆಂದೇ ಉಳಿಸಲಿಲ್ಲ. ಕಂಪ್ಯೂಟರುಗಳು ನಿದ್ದೆಗೆ ಹೋದವು, ಐದು ದೀಪ ಮಿಣುಕಿದವು. ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ.

"ಗುಡುಗು ಎಲ್ಲಿ?" ಅಂದರು ರೇಣುಕಪ್ಪ.

"ನಿಮ್ಮ ಗಂಟಲು ಇದೆಯಲ್ಲ" ಅಂದರು ಶಿವಶಂಕರಪ್ಪ. ರೇಣುಕಪ್ಪನವರಿಗೆ ಅದು ಹೊಗಳಿಕೆಯ ಹಾಗೆ ಕೇಳಿರಬೇಕು. ಎದೆ ತುಂಬ ಗಾಳಿ ಎಳೆದುಕೊಂಡು ಗುಡುಗಿದರು. ಹೊರಗೆ ಮಲಗಿದ್ದ ನಾಯಿ ಎದ್ದು ಓಡಿತು. ಒಳಗೆ ಹೆಂಗಸರು ನಗುತ್ತಲೇ ಐದು ಕಡೆಯಿಂದ ವೈರು ಕಿತ್ತರು. ಚಾರ್ಜರ್, ಮಾನಿಟರ್, ಇಂಟರ್ನೆಟ್, ಕೀಬೋರ್ಡ್. ದೀಪಗಳು ಒಂದೊಂದಾಗಿ ನಿಂತು ಉರಿದವು. ಹಿಂದೆಲ್ಲ ಇಲ್ಲಿಗೇ ಕಥೆ ಮುಗಿಯುತ್ತಿತ್ತು. ಅಂಗಡಿಯಲ್ಲಿ ಕೆಟ್ಟರೆ ಅವರೊಬ್ಬರ ಕೆಲಸ ಹೋಗುತ್ತದೆ, ಇಲ್ಲಿ ಕೆಟ್ಟರೆ ಶನಿವಾರವೇ ಹೋಗುತ್ತದೆ.

"ಈಗ ಹಾಕಿ" ಅಂದರು.

ವೈರುಗಳು ಮರಳಿ ಕೂತವು. ಸಿರಿಯ ಪರದೆ ಮೊದಲು ಬೆಳಗಿತು, ಅವಳು ಬರೆದ ಸಾಲು ಅಲ್ಲೇ ಇತ್ತು. ಆಮೇಲೆ ಇನ್ನೊಂದು, ಮತ್ತೊಂದು. ರಾಧಮ್ಮನದು ತಡವಾಗಿ ಬಂತು. ಅವರು ಬೆರಳು ಇಟ್ಟು ತಮ್ಮ ಸಾಲಿನ ಅಕ್ಷರಗಳನ್ನು ಒಂದೊಂದಾಗಿ ಓದಿ, ಎಲ್ಲ ಸರಿ ಇದೆ ಅಂತ ತಲೆಯಾಡಿಸಿದರು. ಕೊನೆಯದು, ರೇಣುಕಪ್ಪನವರದು, ಕಪ್ಪಾಗಿಯೇ ಉಳಿಯಿತು.

ಪ್ರೇಮಕ್ಕ ಹೋಗಿ ಬಗ್ಗಿ ನೋಡಿ, ನೆಟ್ಟಗಾಗಿ ನಿಂತರು.

"ರೇಣುಕಪ್ಪನವ್ರೇ, ಮಾನಿಟರಿನ ಪ್ಲಗ್ ನಿಮ್ಮ ಕೈಯಲ್ಲೇ ಇದೆ."

ಅವರು ಕೈ ನೋಡಿಕೊಂಡರು. ಪ್ಲಗ್ ಹಾಕಿದರು. ಪರದೆ ಬೆಳಗಿತು. ಅದರ ಮೇಲೆ ಅವರೇ ಒಂದೇ ಬೆರಳಿನಲ್ಲಿ ಹೊಡೆದ ಸಾಲು: ರೇಣುಕಪ್ಪ ಬಂದಿದ್ದಾರೆ.

ಅದನ್ನು ಅವರು ಬಹಳ ಹೊತ್ತು ನೋಡಿದರು. "ಇದನ್ನ ನಾನೇ ಬರ್ದಿದ್ದು" ಅಂದರು ಮೇಷ್ಟರಿಗೆ, ಮೇಷ್ಟರು ನೋಡಿರಲಿಕ್ಕಿಲ್ಲ ಅನ್ನುವ ಹಾಗೆ. ಆಮೇಲೆ ಗಂಟಲು ಸರಿಮಾಡಿಕೊಂಡರು. "ಕುರ್ಚಿ ಏನು, ಆ ಕಡೆ ಗೋಡೆಗೂ ಹಾಕ್ಬಹುದು. ಸಭೆಯಲ್ಲಿ ನಾನೇ ಹೇಳ್ತೀನಿ ಬಿಡಿ. ಇವು ಇಲ್ಲೇ ಇರ್ಲಿ."

ಪ್ರೇಮಕ್ಕ ಅಲ್ಲೇ ಕೂತು ಟೋಮಾಸ್‌ಗೆ ಉತ್ತರ ಬರೆದರು: ಐದು ಯಂತ್ರದಲ್ಲಿ ನೋಡಿದೆವು, ಐದೂ ಎದ್ದವು, ಹೌದು, ಊರಿಗೆ ಊರೇ ಕೀಳುತ್ತದೆ. ಪರೀಕ್ಷೆ ಮಾಡಿದವರ ಹೆಸರೂ ಇರಲಿ ಅಂತ ಸಿರಿ ಹೇಳಿದಳು. ಒಬ್ಬೊಬ್ಬರೇ ಬಂದು ಕೀಬೋರ್ಡಿನ ಮುಂದೆ ಕೂತು ಇಂಗ್ಲಿಷ್ ಅಕ್ಷರಗಳಲ್ಲಿ ತಮ್ಮ ಹೆಸರು, ಮುಂದೆ ಊರು ಟೈಪ್ ಮಾಡಿದರು. ಅಕ್ಷರ ಹುಡುಕಲು ಕೆಲವರಿಗೆ ತಡವಾಯಿತು, ಪ್ರೇಮಕ್ಕ ಅವಸರ ಮಾಡಲಿಲ್ಲ.

ಕಳಿಸಿದ ಮೇಲೆ ರಾಧಮ್ಮ ತಮ್ಮ ಜಾಗಕ್ಕೆ ಹೋಗಿ ಕುರ್ಚಿ ಎಳೆದುಕೊಂಡರು.

"ಸರಿ ಟೀಚರ್, ಹೊತ್ತಾಯ್ತು. ಇವತ್ತು ಎಂಥ ಕಲಿಸ್ತೀರಿ?"

ಪ್ರೇಮಕ್ಕ ಸೀಮೆಸುಣ್ಣ ತೆಗೆದುಕೊಂಡರು.